ಮೂವತ್ತೇಳು ಷೇರಿನ ವರ

ಚಂದ್ರನ ಮೇಲಿನ ಸಣ್ಣಪುಟ್ಟ ಗಣಿಗಳ ಷೇರು ನೂರರ ಕಟ್ಟಿನಲ್ಲಿದ್ದರೆ ಮಾತ್ರ ಪೂರ್ತಿ ಬೆಲೆಗೆ ಹೋಗುತ್ತಿತ್ತು. ನೂರಕ್ಕೆ ಕಡಿಮೆಯಿದ್ದ ಬಿಡಿ ಷೇರಿಗೆ ದಲ್ಲಾಳಿಗಳು ಅರ್ಧ ಬೆಲೆಯನ್ನೂ ಗೊಣಗಿಕೊಂಡೇ ಕೊಡುತ್ತಿದ್ದರು. ಇಬ್ಬರ ಬಿಡಿ ಷೇರುಗಳನ್ನು ಒಂದುಗೂಡಿಸಲು ಕಾನೂನಿನಲ್ಲಿದ್ದ ದಾರಿ ಒಂದೇ, ಮದುವೆ.

ಹೊಲಿಗೆ ಟೀಚರಾಗಿ ನಿವೃತ್ತಳಾಗಿದ್ದ ಸುಗುಣಾಬಾಯಿಯ ಹತ್ತಿರ ಅಂಥದೊಂದು ಗಣಿಯ ಅರವತ್ತಮೂರು ಷೇರಿದ್ದವು. ಅವುಗಳನ್ನು ಮಾರಿ ಸ್ವಂತದ್ದೊಂದು ಟೈಲರಿಂಗ್ ಅಂಗಡಿ ಇಡುವ ಆಸೆ ಅವಳದು. ದಲ್ಲಾಳಿ ಗುರುಪಾದಪ್ಪ ನಾಲ್ಕು ವರಗಳನ್ನು ತೋರಿಸಿದ್ದ. ಮೂರನೆಯವನು ಅವಳಿಗೆ ಹಿಡಿಸಿದ್ದ, ಆದರೆ ಅವನಲ್ಲಿ ಎರಡು ಷೇರು ಕಡಿಮೆಯಿತ್ತು. ಕೊನೆಗೆ ಮೂವತ್ತೇಳು ಷೇರಿನ ಅಡವಯ್ಯ ಸಿಕ್ಕ. ಸೋಮವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ, ಹಾರ ಹಾಕಿಕೊಂಡೇ ಇಬ್ಬರೂ ಗುರುಪಾದಪ್ಪನ ಕೌಂಟರಿಗೆ ಬಂದರು.

"ಅಯ್ಯೋ, ಸ್ವಲ್ಪ ತಡ ಆಯ್ತಲ್ಲಮ್ಮ," ಎಂದ ಗುರುಪಾದಪ್ಪ. "ಬೆಳಿಗ್ಗೇನೇ ಗಣಿ ಕಂಪನಿಯೋರು ಹತ್ತು ಷೇರನ್ನ ಒಂದು ಮಾಡ್ಬಿಟ್ರು. ನಿಮ್ದು ಆರು, ಇವರದು ಮೂರು. ಉಳಿದ ಚೂರುಪಾರು ಕಂಪನಿಗೇ ಹೋಯ್ತು."

ಸುಗುಣಾಬಾಯಿ ಕೌಂಟರಿನ ಮೇಲೆ ಬಾಗಿದಳು. "ಹಂಗಾದ್ರೆ ನಮ್ಮ ಮದುವೆ?"

"ಒಂಬತ್ತು ಷೇರಿನ ಮದುವೆ! ಯಾರು ಕೇಳ್ತಾರೆ? ನಿಮ್ಮ ಆರಕ್ಕೆ ಸರಿಹೋಗೋ ತೊಂಬತ್ನಾಲ್ಕು ಷೇರಿನವರು ಒಬ್ಬರಿದ್ದಾರೆ, ನೋಡ್ತೀರಾ? ವಿಚ್ಛೇದನದ ಫಾರಂ ಇಲ್ಲೇ ಇದೆ."

ಅಡವಯ್ಯ ಮೆಲ್ಲಗೆ ಹಾರ ತೆಗೆಯತೊಡಗಿದ. ಅವಳು ಅವನ ಕೈ ಹಿಡಿದು ನಿಲ್ಲಿಸಿದಳು.

"ಷೇರು ಒಂಬತ್ತನ್ನೂ ಅರ್ಧ ಬೆಲೆಗೇ ತಗೊಳ್ಳಿ. ಇವರನ್ನ ಬಿಡೋದಿಲ್ಲ," ಎಂದಳು. "ಇವರಿಗೆ ಅಡುಗೆ ಬರುತ್ತೆ."