ಉದ್ಯಾನದ ಪರ ಒಂದು ಅರ್ಜಿ

ಆ ಹೆಂಗಸನ್ನು ಯಾರೋ ಕಳಿಸಿದ್ದಾರೆ ಎಂಬುದರಲ್ಲಿ ಸುಹಾಸನಿಗೆ ಅನುಮಾನವಿರಲಿಲ್ಲ. ಯಾರು ಎಂಬುದಷ್ಟೇ ಗೊತ್ತಾಗಬೇಕಿತ್ತು.

ನಗರದ ಮುಂದಿನ ಇಪ್ಪತ್ತು ವರ್ಷಗಳ ಅಭಿವೃದ್ಧಿ ನಕ್ಷೆಯ ಕರಡು ಪ್ರಕಟವಾಗಿ, ಯೋಜನಾ ಕಚೇರಿಯಲ್ಲಿ ಆಕ್ಷೇಪಣೆಗಳ ವಿಚಾರಣೆ ನಡೆದಿತ್ತು. ಆ ದಿನದ ಸರದಿ ಕಾಂದಿವಲಿಯ ಒಂದೂವರೆ ಎಕರೆ ಜಾಗದ್ದು. ಹಳೆಯ ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ. ಅಂದರೆ ಉದ್ಯಾನಕ್ಕೆ ಮೀಸಲು. ಮೂವತ್ತು ವರ್ಷದಿಂದ ಹಾಗೇ ಇದೆ. ಜಾಗದ ಮಾಲೀಕರಿಗೆ ಅದು ಹಳದಿಯಾಗಬೇಕಿತ್ತು. ಹಳದಿಯಾದರೆ ಕಟ್ಟಡ ಕಟ್ಟಬಹುದು. ಅದಕ್ಕಾಗಿ ಇನ್ನೂರ ಹನ್ನೆರಡು ಪತ್ರ ಬರೆಸಿದ್ದರು. ಎಲ್ಲವೂ ಒಂದೇ ಟೈಪಿನವು. ಕೊನೆಯ ಸಾಲಿನ ಅಕ್ಷರತಪ್ಪೂ ಒಂದೇ.

ಹಸಿರೇ ಇರಲಿ ಎಂದ ಪತ್ರ ಒಂದೇ ಒಂದು. ಮರಾಠಿ ಕೈಬರಹ, ಕೆಳಗೆ ಹೆಬ್ಬೆಟ್ಟಿನ ಗುರುತು. ಹೆಸರು ಸೋಮವ್ವ. ವಿಳಾಸದ ಜಾಗದಲ್ಲಿ ಕಾಂದಿವಲಿ ಎಂದಷ್ಟೇ ಇತ್ತು.

ಆ ಜಾಗದ ಪಕ್ಕದಲ್ಲಿ ಒಬ್ಬ ಬಿಲ್ಡರ್ ಇಪ್ಪತ್ತೆರಡು ಮಹಡಿ ಎಬ್ಬಿಸುತ್ತಿದ್ದ. ಕಿಟಕಿಯ ಎದುರು ಉದ್ಯಾನವಿದ್ದರೆ ಫ್ಲ್ಯಾಟಿಗೆ ಬೆಲೆ ಹೆಚ್ಚು. ಸುಹಾಸ ಈ ಕಚೇರಿಗೆ ಬಂದು ಒಂಬತ್ತು ವರ್ಷ. ಇಂಥ ಲೆಕ್ಕ ಅವನಿಗೆ ಬಾಯಿಪಾಠ.

ಸೋಮವ್ವನಿಗೆ ಕನ್ನಡ ಬಿಟ್ಟರೆ ಬಜಾರಿನ ಹಿಂದಿಯಷ್ಟೇ ಬರುತ್ತಿತ್ತು. ದುಭಾಷಿಯ ಕೆಲಸ ಉಡುಪಿ ಕಡೆಯ ಸುಹಾಸನ ಪಾಲಿಗೆ ಬಿತ್ತು. ವಿಚಾರಣೆಗೆ ಮೊದಲೇ ಅವನು ಕಾರಿಡಾರಿಗೆ ಹೋದ. ಐವತ್ತರ ಹೆಂಗಸು. ಒಣಗಿದ ಸಿಮೆಂಟು ಕಾಲ್ಬೆರಳ ಸಂದಿಯಲ್ಲಿ ಕೂತಿತ್ತು.

"ಅಮ್ಮ, ನಿಮ್ಮನ್ನು ಕಳಿಸಿದ್ದು ಯಾರು? ನನ್ನತ್ರ ಹೇಳಿ, ಎಂತ ತೊಂದರೆ ಆಗುದಿಲ್ಲ."

"ಯಾರೂ ಕಳಿಸಿಲ್ರೀ ಸಾಹೇಬ್ರ. ಇವತ್ತಿನ ಕೆಲಸ ಬಿಟ್ಟು ನಾನ ಬಂದೀನಿ."

"ಪತ್ರ ಬರೆದದ್ದು?"

"ನನ್ನ ಮಗಳು ನಾಗರತ್ನಾ. ಗ್ವಾಡಿಗೆ ಹಚ್ಚಿದ್ದ ನೋಟೀಸ ಓದಿ ಹೇಳಿದಾಕಿನೂ ಆಕೀನ."

ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಎಂದುಕೊಂಡ ಸುಹಾಸ.

ಒಳಗೆ ಮಾಲೀಕರ ವಕೀಲ ಸುಭಾಷ ಎದ್ದು ನಿಂತಿದ್ದ. ವಿಚಾರಣಾಧಿಕಾರಿ ಸ್ನೇಹಲ್ ಮೇಡಂ ಕಡತ ತಿರುವುತ್ತಿದ್ದರು.

"ಮೂವತ್ತು ವರ್ಷ, ಮೇಡಂ. ಒಂದು ಗಿಡ ನೆಟ್ಟಿಲ್ಲ, ಒಂದು ಬೆಂಚು ಹಾಕಿಲ್ಲ. ಮಾಡದ ಉದ್ಯಾನಕ್ಕೆ ಜಾಗ ಹಿಡಿದಿಡುವುದು ಯಾವ ನ್ಯಾಯ?"

ಸುಹಾಸ ಅದನ್ನು ಕನ್ನಡದಲ್ಲಿ ಹೇಳಿದ. ಸೋಮವ್ವ ವಕೀಲನ ಕಡೆ ತಿರುಗಿದಳು.

"ಮಾಡಲಿಲ್ಲ ಅಂತ ನಾವು ಯಾವತ್ತರ ತಕರಾರು ಮಾಡೇವೇನ್ರೀ?"

ಮರಾಠಿಯಲ್ಲಿ ಆ ಮಾತು ಕೇಳಿದ ಸ್ನೇಹಲ್ ಪೆನ್ನು ಕೆಳಗಿಟ್ಟರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ತಾಳ್ಮೆಯ ನಾಗರಿಕರನ್ನು ಅವರು ಕಂಡಿರಲಿಲ್ಲ. ಕಡತದಲ್ಲಿದ್ದ ಸ್ಥಳ ವರದಿ ಹಳೆಯದು. 'ಖಾಲಿ ಜಾಗ, ಕುರುಚಲು' ಎಂದಿತ್ತು.

"ಅಲ್ಲಿ ಒಂದು ಮರವಾದರೂ ಇದೆಯೇ?"

"ಬೇವಿನ ಗಿಡ ಐತ್ರಿ. ನಮ್ಮ ಮನಿಯವ್ರು ಹಚ್ಚಿದ್ದು. ಅವ್ರು ತೀರಿಕೊಂಡು ಆರು ವರ್ಷಾತು. ಸಣ್ಣ ಹುಡುಗ್ರೆಲ್ಲ ಅದರ ನೆರಳಾಗ ಆಡ್ತಾವು."

ವಕೀಲ ಸುಭಾಷ ತನ್ನ ಕುರ್ಚಿಯಲ್ಲಿ ಕೂತ.

"ನಿಮಗೆ ಬೇಕಾದದ್ದೇನು?" ಎಂದರು ಸ್ನೇಹಲ್.

"ಬಣ್ಣ ತಗೀಬ್ಯಾಡ್ರಿ. ಹಳದಿ ಆದ್ರ ಬಿಲ್ಡಿಂಗ್ ಬರ್ತೈತಿ. ಹಸರ ಇದ್ರ ಯಾರೂ ಬರೂದಿಲ್ರೀ."

"ಹಸಿರಿದ್ದರೆ ಯಾವ ಬಿಲ್ಡರೂ ಬರುವುದಿಲ್ಲ ಅನ್ನುತ್ತಿದ್ದಾರೆ" ಎಂದು ಸುಹಾಸ ಅನುವಾದಿಸಿದ. ಅನುವಾದದಲ್ಲಿ ಒಂದೇ ಶಬ್ದ ಹೆಚ್ಚಾಯಿತು.

ಬೊರಿವಲಿಯಲ್ಲಿ ಅವನ ಮಗಳು ಯಕ್ಷಿತಾ ಸಾಲುಗಟ್ಟಿ ನಿಂತ ಕಾರುಗಳ ನಡುವೆ ಶಟಲ್ ಆಡುತ್ತಾಳೆ. ಕಾಕ್ ಬಾನೆಟ್ಟಿನ ಮೇಲೆ ಬಿದ್ದರೆ ವಾಚ್‌ಮನ್ ಕೂಗುತ್ತಾನೆ. ಇಷ್ಟು ವರ್ಷ ನಕ್ಷೆಗಳಿಗೆ ಬಣ್ಣ ತುಂಬಿದ ತಾನು ಅವಳಿಗೊಂದು ಮೈದಾನ ತೋರಿಸಲಾರೆ. ಇಲ್ಲಿ ಕೂಲಿ ಬಿಟ್ಟು ಬಂದ ಹೆಂಗಸು, ಊರ ಮಕ್ಕಳ ನೆರಳಿಗಾಗಿ ಒಬ್ಬಳೇ ನಿಂತಿದ್ದಾಳೆ. ಇವಳ ಮೇಲೆ ತಾನು ಸಂಶಯಪಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಯಾರೂ ಕೇಳದೆ ಅವನು ಬಾಯಿ ತೆರೆದದ್ದು ಅದೇ ಮೊದಲು.

"ಮೇಡಂ, ಮೀಸಲು ಉಳಿಸಿದರೆ ಸಾಲದು. ಮತ್ತೆ ಮೂವತ್ತು ವರ್ಷ ಕಾಯಿಸಬಾರದು. ಈ ವರ್ಷ ಮಾಡುವ ಉದ್ಯಾನಗಳ ಪಟ್ಟಿಯಲ್ಲಿ ಒಂದು ಹೆಸರು ಸೇರಿಸಲು ಜಾಗವಿದೆ."

ಸ್ನೇಹಲ್ ಅವನನ್ನು ದಿಟ್ಟಿಸಿದರು. ಆಮೇಲೆ ಸೋಮವ್ವನನ್ನು. ಮೀಸಲು ಉಳಿಸುವ ಆದೇಶಕ್ಕೂ ಪಟ್ಟಿಗೆ ಸೇರಿಸುವ ಆದೇಶಕ್ಕೂ ಸಹಿ ಬಿತ್ತು.

ಕಾರಿಡಾರಿನಲ್ಲಿ ಸುಹಾಸ ತಾನೇ ಕ್ಯಾಂಟೀನಿನಿಂದ ಚಹಾ ತಂದುಕೊಟ್ಟ.

"ಗೆದ್ದಿರಿ ಅಮ್ಮ. ಹಸಿರೇ ಉಳಿಯಿತು."

ಸೋಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಲು ಮುಟ್ಟಲು ಬಗ್ಗಿದವಳನ್ನು ಅವನು ತಡೆದ.

"ನಿನ್ನ ಹೊಟ್ಟಿ ತಣ್ಣಗಿರ್ಲಪ್ಪ. ನಮ್ಮನ್ನ ಉಳಿಸಿದಿ."

"ನಿಲ್ಲಿ, ಇನ್ನೂ ಒಂದುಂಟು." ದೊಡ್ಡ ಸುದ್ದಿಯನ್ನು ಅವನು ಕೊನೆಗೆಂದೇ ಇಟ್ಟುಕೊಂಡಿದ್ದ. "ಮಳೆಗಾಲಕ್ಕಿಂತ ಮೊದಲೇ ಜೆಸಿಬಿ ಬರ್ತದೆ. ಜಾಗ ಪೂರ ಸಮ ಮಾಡಿ ಸುತ್ತ ಕಾಂಪೌಂಡ್ ಹಾಕ್ತಾರೆ. ನಡೀಲಿಕ್ಕೆ ದಾರಿ, ಮಕ್ಕಳಿಗೆ ಉಯ್ಯಾಲೆ, ಎಲ್ಲ ಉಂಟು. ನಿಮ್ಮ ಕೈಯಿಂದಲೇ ಉದ್ಘಾಟನೆ ಮಾಡಿಸುವ ಅಂತ ಮೇಡಂ ಹೇಳಿದ್ದಾರೆ."

ಸೋಮವ್ವ ಚಹಾದ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಖರೇನ ಗಾರ್ಡನ್ ಮಾಡ್ತೀರೇನ್ರೀ?" ಎಂದಳು. "ಹಂಗಾದ್ರ ಅದರಾಗ ಇರೋ ನಮ್ಮ ನಲವತ್ತು ಮನಿಯವ್ರು ಎಲ್ಲಿಗೆ ಹೋಗೂದ್ರೀ?"