ಲಿನಕ್ಸಿನ ಮೇಲೆ ಹೊರಿಸಿದ ತಪ್ಪು

ಚೈತ್ರಶ್ರೀ ಮೇಡಂ ತನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡೊಡನೆ ಕಲೀಮುಲ್ಲಾನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ನ್ಯಾಮತಿ ಬಸ್ಸಿನ ಕಂಡಕ್ಟರ್ ಅವರ ಚೀಲ ಹಿಡಿದು ಹೊನ್ನಾಳಿ ಬಸ್ ನಿಲ್ದಾಣದಿಂದ ಇಲ್ಲಿಯವರೆಗೂ ಜೊತೆಗೆ ಬಂದಿದ್ದ. ಟೀಚರ್ ಎಂದರೆ ಈ ಕಡೆ ಇನ್ನೂ ಅಷ್ಟು ಮರ್ಯಾದೆ ಉಳಿದಿದೆ.

“ಕಲೀಮ್ ಭಾಯ್, ಸ್ಕ್ರೀನ್ ಬ್ಲಿಂಕ್ ಆಗ್ತೈತಂತೆ,” ಎಂದರು ಮೇಡಂ, ಕುರ್ಚಿಯಲ್ಲಿ ಕೂತು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಡುತ್ತ. “ನಿಮ್ಮತ್ರ ಕೀಬೋರ್ಡ್ ರಿಪೇರಿ ಮಾಡಿಸ್ಕಂಡು ಹೋದಾಗಿಂದ ಹಿಂಗೇ. ಹುಡುಗ್ರು ತಲೆನೋವು ಅಂತಾರೆ. ಸರಿ ಆಗದಿದ್ರೆ ಸೋಮವಾರದಿಂದ ಕಂಪ್ಯೂಟರ್ ಕ್ಲಾಸೇ ಬೇಡ ಅಂದಾರೆ ಹೆಡ್‌ಮಾಸ್ಟ್ರು.”

ಬ್ಲಿಂಕ್ ಆಗದೆ ಇನ್ನೇನು! ಅದು ಅವರ ಪರದೆಯೇ ಅಲ್ಲ. ಒಂದೂವರೆ ತಿಂಗಳ ಹಿಂದೆ, ಮಗಳು ಸಾಜಿದಾಳ ಆನ್‌ಲೈನ್ ಪರೀಕ್ಷೆಯ ದಿನ ಬೆಳಿಗ್ಗೆ, ಅವಳ ಲ್ಯಾಪ್‌ಟಾಪಿನ ಪರದೆ ಹುಚ್ಚು ಹಿಡಿದಂತೆ ಮಿಣುಕತೊಡಗಿತ್ತು. ದಾವಣಗೆರೆಯಿಂದ ಹೊಸದು ತರಿಸಲು ಹೊತ್ತಿರಲಿಲ್ಲ. ರಿಪೇರಿಗೆ ಬಂದ ಮೂರು ಲ್ಯಾಪ್‌ಟಾಪುಗಳು ಮೇಜಿನ ಮೇಲಿದ್ದವು, ಮೂರಕ್ಕೂ ಅದೇ ಅಳತೆಯ ಪರದೆ. ಕಲೀಮುಲ್ಲಾನ ಕೈ ಮಾತ್ರ ನೇರ ಈ ಮೇಡಂ ಅವರದಕ್ಕೇ ಹೋಯಿತು. ಇವರ ಒಳ್ಳೆಯ ಪರದೆ ಮಗಳಿಗೆ, ಮಗಳ ಕೆಟ್ಟದ್ದು ಇವರಿಗೆ. ಪರೀಕ್ಷೆ ಮುಗಿದ ಕೂಡಲೇ ಏನೋ ನೆಪ ಹೇಳಿ ಕರೆಸಿ ಬದಲಿಸಿಬಿಡೋಣ ಎಂದುಕೊಂಡಿದ್ದ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರಲ್ಲ, ಹಾಗಾಯಿತು.

ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. “ಇದು ಲಿನಕ್ಸ್ ಅಲ್ವ ಮೇಡಂ? ಎಲ್ಲಾರಂಗೆ ವಿಂಡೋಸ್ ಹಾಕಿಸ್ಕಂಡಿದ್ರೆ ಈ ರಗಳೆ ಇರ್ತಿರ್ಲಿಲ್ಲ. ಅಪ್‌ಡೇಟ್ ಆದ್ಮ್ಯಾಲೆ ಹಿಂಗೆಲ್ಲ ಆಡ್ತೈತೆ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಲಿನಕ್ಸಿನ ಪರವಾಗಿ ವಾದಿಸಲು ಹೊನ್ನಾಳಿಯಲ್ಲಿ ಯಾರಿದ್ದಾರೆ ಎಂಬುದು ಅವನ ಧೈರ್ಯ. ಆದರೆ ಮೇಡಂ ಇದ್ದರು.

“ಒಂದು ಕೆಲ್ಸ ಮಾಡ್ರಿ. ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡ್ರಿ. ಮೊದ್ಲು ಕಂಪನಿ ಹೆಸರು ಬರ್ತೈತಲ್ಲ, ಆಗ ಇನ್ನೂ ಲಿನಕ್ಸ್ ಶುರುವಾಗಿರಲ್ಲ. ಆಗ್ಲೇ ಬ್ಲಿಂಕ್ ಆದ್ರೆ ಅದರ ತಪ್ಪಿಲ್ಲ.”

ಆನ್ ಮಾಡಿದ. ಕಂಪನಿಯ ಹೆಸರೇ ಗಡಗಡ ಅದುರಿತು.

“ಹೆಂಗೈತೆ ಭಾಯ್?”

“ಚೆನ್ನಾಗೇ ಐತೆ ಮೇಡಂ.”

“ಹಂಗಾರೆ ಬೇರೆ ಮಾನಿಟರ್ ಹಚ್ಚಿ ನೋಡ್ರಿ. ಅದರಾಗೆ ಸರಿ ಇದ್ರೆ ಕೆಟ್ಟಿರೋದು ಈ ಸ್ಕ್ರೀನೇ.”

ಹಚ್ಚಿದ. ಅಂಗಡಿಯ ಮಾನಿಟರಿನಲ್ಲಿ ಚಿತ್ರ ಒಂದಿಷ್ಟೂ ಅಲುಗದೆ ನಿಂತಿತು.

“ಇದರಾಗೂ ಬ್ಲಿಂಕ್ ಆಗ್ತೈತೆ. ಲಿನಕ್ಸಿಂದೇ ತಪ್ಪು,” ಎಂದ.

ಮೇಡಂ ಚೀಲವನ್ನು ಮಡಿಲಿಗೆ ತೆಗೆದುಕೊಂಡರು. “ಆಯ್ತು ಬಿಡ್ರಿ. ನೀವು ನೋಡಿ ಹೇಳಿದ ಮೇಲೆ ನಂದೇನೈತೆ? ಇನ್ನು ಪಾಠ ಮಾಡಾಕೆ ಆಗಲ್ಲ ಅಂತ ಹುಡುಗ್ರಿಗೆ ನಾನೇ ಹೇಳ್ತೀನಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತು ತಡೆಯಲಾಗಲಿಲ್ಲ. ಥೂ, ನಾನೂ ಒಬ್ಬ ಮನುಷ್ಯನೇ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಳಗೆ ಹೋಗಿ ಸಾಜಿದಾಳ ಲ್ಯಾಪ್‌ಟಾಪ್ ತಂದ. “ಒಂದು ವಯರ್ ಲೂಸ್ ಇದ್ದಂಗೈತೆ, ತಡೀರಿ,” ಎಂದು ಕೊನೆಯದಾಗಿ ಇನ್ನೊಂದು ಸುಳ್ಳು ಹೇಳಿ, ಅವರ ಎದುರಿಗೇ ಕೂತು ಎರಡೂ ಪರದೆಗಳನ್ನು ಬಿಚ್ಚಿ ಅದಲುಬದಲು ಮಾಡಿದ. ಅಷ್ಟು ಹೊತ್ತೂ ತಲೆ ಎತ್ತಲಿಲ್ಲ.

“ಆತು ಮೇಡಂ. ಇನ್ನು ಬ್ಲಿಂಕ್ ಆಗಲ್ಲ.”

ಮೇಡಂ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಪರದೆಯ ಮೇಲೆ ಬೆರಳಾಡಿಸಿದರು. “ಹ್ಞಾ, ಇದು ನಂದು. ನಂದು ಸ್ವಲ್ಪ ಒರಟು. ನೀವು ಹಾಕಿ ಕಳ್ಸಿದ್ದು ನುಣುಪಿತ್ತು. ದಿನಾ ಒರೆಸೋ ಕೈಗೆ ಮೊದಲ್ನೇ ದಿನಾನೇ ಗೊತ್ತಾತು. ನೀವಾಗೇ ಹೇಳ್ತೀರೇನೋ ಅಂತ ಕಾದೆ.”

“ತಪ್ಪಾತು ಮೇಡಂ,” ಎಂದ ಕಲೀಮುಲ್ಲಾ. ಲ್ಯಾಪ್‌ಟಾಪನ್ನು ಅವರ ಚೀಲಕ್ಕೆ ಹಾಕಿಕೊಟ್ಟ.

ಅವರು ಚೀಲದಿಂದ ಮಡಚಿದ ಬಿಳಿ ಕೋಲು ತೆಗೆದು ಬಿಡಿಸಿ, ಮೆಟ್ಟಿಲು ತಡವುತ್ತ ಹೇಳಿದರು: “ಕಣ್ಣು ಕಾಣದೋಳಿಗೆ ಸ್ಕ್ರೀನ್ ಯಾಕೆ ಅನ್ಕಂಡ್ರಿ ಅಲ್ವ? ಅದು ಯಾವತ್ತೂ ನನಗೋಸ್ಕರ ಇರ್ಲಿಲ್ಲ ಭಾಯ್, ಹುಡುಗ್ರಿಗೋಸ್ಕರ ಇತ್ತು.”