ಬಲೂನಿನ ಮೇಲಿನ ಚುಕ್ಕಿ

ಮಕ್ಕಳಿಗೆ ಎಣಿಕೆ ಕಲಿಸುವ ಕಂಪ್ಯೂಟರ್ ಆಟ. ಕೆಂಪು ಬಲೂನುಗಳನ್ನಷ್ಟೇ ಎಣಿಸುತ್ತ ಒಡೆಯಬೇಕು, ಹಸಿರನ್ನು ಬಿಡಬೇಕು. ಬಣ್ಣದ ವ್ಯತ್ಯಾಸ ಕಾಣದ ಮಕ್ಕಳು ಸೋಲಬಾರದೆಂದು ಆಟ ತಯಾರಿಸಿದ ವಾಣಿಶ್ರೀ ಕೆಂಪು ಬಲೂನುಗಳ ಮೇಲೆ ಕಪ್ಪು ಚುಕ್ಕಿ ಇಟ್ಟಿದ್ದಳು. ನಾಳೆ ಆಟ ಶಾಲೆಗಳಿಗೆ ಹೋಗುವುದಿತ್ತು.

"ಚುಕ್ಕಿ ತೆಗಿಯಮ್ಮ, ಮೊಡವೆ ಎದ್ದ ಹಾಗಿದೆ," ಎಂದರು ಕಂಪನಿಯ ಯಜಮಾನರು.

"ತೆಗೆದ್ರೆ ಕೆಲವರಿಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗಲ್ಲ, ಸಾರ್."

"ಅಂಥವರನ್ನ ನಾನಂತೂ ಈ ಐವತ್ತು ವರ್ಷದಲ್ಲಿ ಕಂಡಿಲ್ಲ. ಒಬ್ಬರನ್ನ ತೋರಿಸು, ನಿನ್ನ ಚುಕ್ಕಿ ಇರಲಿ."

ಬೂಟು ಬಾಗಿಲಲ್ಲೇ ಬಿಟ್ಟು ಬರುವ ಆಫೀಸದು. ತಲೆ ತಗ್ಗಿಸಿದ ವಾಣಿಶ್ರೀಯ ಕಣ್ಣು ಅವರ ಪಾದಗಳ ಮೇಲೆ ಬಿತ್ತು. ಅವಳ ಮುಖ ಅರಳಿತು.

"ಸಾರ್, ಒಂದು ಕಾಲಿಗೆ ಕೆಂಪು ಸಾಕ್ಸ್, ಇನ್ನೊಂದಕ್ಕೆ ಹಸಿರು. ಹೊಸ ಫ್ಯಾಷನ್ನಾ?"

ಯಜಮಾನರು ಬಗ್ಗಿ ಎರಡನ್ನೂ ನೋಡಿದರು.

"ತಮಾಷೆ ಮಾಡ್ತೀಯಾ? ಎರಡೂ ಒಂದೇ ಬಣ್ಣ ಅಲ್ವೇನಮ್ಮ!"